ಹೆಣ್ಣುಮಕ್ಕಳ ಬಯಲು

ನಾನು ಹುಟ್ಟಿ ಬೆಳೆದದ್ದು ಚಿಂಚೋಳಿ ತಾಲೂಕಿನ ಐನಾಪುರದ ಕಡೆ. ಮದುವೆಯಾಗಿ ಬಂದದ್ದು ಚಿತ್ತಾಪುರ ಮತ್ತು ಶಹಾಬಾದಿನ ನಡುವಿನ ಒಂದು ಹಳ್ಳಿಗೆ. ಆಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರಿತ್ತು. ನನ್ನ ಗಂಡ ವಾಡಿಯಲ್ಲಿ ರೈಲ್ವೆ ಕೆಲಸದಲ್ಲಿದ್ದರು. ಅಲ್ಲಿ ಕ್ವಾರ್ಟರ್ಸ್ ಸಿಗುವ ತನಕ ನಾನು ಅತ್ತೆಯ ಜೊತೆ ಹಳ್ಳಿಯಲ್ಲಿರಬೇಕೆಂದು ಹಿರಿಯರು ನಿಶ್ಚಯಿಸಿದ್ದರು. ಮಾವ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಹೊಲ, ದನ, ಮನೆ ಎಲ್ಲವನ್ನೂ ಅತ್ತೆಯೇ ನೋಡಿಕೊಳ್ಳುತ್ತಿದ್ದರು.

ಆ ಊರಲ್ಲಿ ಎಲ್ಲವೂ ಕಲ್ಲು. ನೆಲಕ್ಕೆ ಫರಸಿ ಕಲ್ಲು, ಮಾಳಿಗೆಗೆ ಫರಸಿ, ಕೊಟ್ಟಿಗೆಯ ಗೋಡೆಯಾಗಿ ಸಾಲಾಗಿ ನಿಲ್ಲಿಸಿದ್ದೂ ಫರಸಿ. ನಮ್ಮ ಕಡೆ ಮಣ್ಣಿನ ಮನೆಗಳು. ಬಂದ ಹೊಸದರಲ್ಲಿ ಬರಿಗಾಲಿಗೆ ತಾಗುವ ಆ ತಂಪು ನನಗೆ ಒಗ್ಗಲೇ ಇಲ್ಲ. ಊರ ಮೂಡಣಕ್ಕೆ ಖಣಿ ಇತ್ತು. ಅಲ್ಲಿ ಬೆಳಕು ಹರಿದಾಗಿನಿಂದ ಹೊತ್ತು ಕಂತುವ ತನಕ ಚಾಣದ ಮೇಲೆ ಸುತ್ತಿಗೆ ಬೀಳುತ್ತಿತ್ತು. ನಾನು ಬಂದ ವರ್ಷ ಆ ಸಪ್ಪಳ ಮೂಡಗಾಳಿ ಬೀಸಿದರೆ ಮಾತ್ರ ಕೇಳುತ್ತಿತ್ತು. ಮರುವರ್ಷ ಗಾಳಿ ಇರಲಿ ಬಿಡಲಿ, ರೊಟ್ಟಿ ಬಡಿಯುವಾಗ ನನ್ನ ಕೈ ತಾನಾಗಿ ಅದರ ತಾಳಕ್ಕೆ ಬೀಳತೊಡಗಿತ್ತು. ಖಣಿ ಊರ ಕಡೆಗೆ ಬರುತ್ತಿತ್ತು.

ಖಣಿಗೂ ಊರಿಗೂ ನಡುವೆ ಇದ್ದದ್ದು ಗಾಯರಾಣ, ಅಂದರೆ ಊರ ದನಗಳು ಮೇಯುವ ಸರಕಾರಿ ಜಾಗ. ಅದರ ಒಂದು ಮಗ್ಗಲು ತಗ್ಗಾಗಿ, ಸುತ್ತ ಎತ್ತರದ ಕಳ್ಳಿಬೇಲಿ ಬೆಳೆದು, ಒಳಗಿದ್ದವರು ಹೊರಗಿನವರಿಗೆ ಕಾಣದ ಹಾಗೆ ಮರೆಯಾಗಿತ್ತು. ಅದು ಹೆಣ್ಣುಮಕ್ಕಳ ಬಯಲು. ಬೆಳಗಿನ ನಸುಕಿನಲ್ಲಿ ಒಮ್ಮೆ, ಸಂಜೆ ಕತ್ತಲಾಗುವಾಗ ಒಮ್ಮೆ ಊರಿನ ಎಲ್ಲ ಓಣಿಯ ಹೆಂಗಸರೂ ತಂಬಿಗೆ ಹಿಡಿದು ಅಲ್ಲಿಗೇ ಹೋಗುತ್ತಿದ್ದರು. ಯಾವ ಗಂಡಸೂ ಆ ಕಡೆ ತಲೆ ಹಾಕುತ್ತಿರಲಿಲ್ಲ. ಬಯಲಿನಿಂದ ಆಚೆ, ಪಕ್ಕದ ಊರಿಗೆ ಹೋಗುವ ಕಾಲುದಾರಿಯ ಮಗ್ಗಲಿಗೆ, ಕೆಲಸ ನಿಂತು ತಳದಲ್ಲಿ ನೀರು ತುಂಬಿದ ಹಳೆಯ ಖಣಿಯೊಂದಿತ್ತು. ಹೊಸ ಸೊಸೆಗೆ ಮನೆಯಲ್ಲಿ ಬಾಯಿ ಇರುವುದಿಲ್ಲ. ನನಗೆ ಬಾಯಿ ಬಂದದ್ದು ಆ ಬಯಲಲ್ಲಿ. ಯಾರ ಮನೆಯಲ್ಲಿ ಹೊಡೆತ, ಯಾವ ಕೂಸಿಗೆ ಜ್ವರ, ಯಾವ ಬಾವಿಯ ನೀರು ಕೆಟ್ಟಿತು, ಎಲ್ಲ ಅಲ್ಲಿ ಗೊತ್ತಾಗುತ್ತಿತ್ತು.

ಆ ಹೊತ್ತಿಗೆ ಊರಿಗೆ ಹೊಸ ಕಾಯ್ದೆಯ ಪಂಚಾಯಿತಿ ಬಂದಿತ್ತು. ಮೆಂಬರುಗಳಲ್ಲಿ ಇಬ್ಬರು ಹೆಣ್ಣುಮಕ್ಕಳು ಇರಲೇಬೇಕೆಂದು ಅದರಲ್ಲಿತ್ತು. ಚೇರ್ಮನ್ ಆಗಿದ್ದವರು ಊರ ಗೌಡರು. ಅವರು ಯೋಚಿಸಿ ಇಬ್ಬರು ವಿಧವೆಯರನ್ನು ಆರಿಸಿದರು. ಗಂಡ ಇರುವವಳಾದರೆ ಅವಳ ಹಿಂದೆ ಅವನೊಬ್ಬ ಸಭೆಗೆ ಬಂದು ಕೂರುತ್ತಾನೆ. ವಿಧವೆಯ ಹಿಂದೆ ಯಾರೂ ಬರುವುದಿಲ್ಲ ಎಂಬುದು ಅವರ ಲೆಕ್ಕವಾಗಿತ್ತೆಂದು ಅತ್ತೆ ಆಮೇಲೆ ಹೇಳುತ್ತಿದ್ದರು. ಒಬ್ಬರು ನಮ್ಮ ಅತ್ತೆ. ಇನ್ನೊಬ್ಬಳು ಊರೆಲ್ಲ ಚಾಚಿ ಎನ್ನುತ್ತಿದ್ದ, ಬಳೆ ಮಾರುವ ಮುಸಲ್ಮಾನರಾಕೆ. ತಲೆಯ ಮೇಲೆ ಬಳೆಯ ಪೆಟ್ಟಿಗೆ ಹೊತ್ತು ಸುತ್ತಲಿನ ಹಳ್ಳಿಗಳನ್ನೆಲ್ಲ ತಿರುಗುತ್ತಿದ್ದ ಅವಳು ಕಾಲಿಡದ ಮನೆಯೇ ಇರಲಿಲ್ಲ. ಬಾಣಂತಿಯ ಕೋಣೆಗೂ ಅವಳಿಗೆ ಪ್ರವೇಶವಿತ್ತು.

ಗೌಡರು ಅತ್ತೆಯನ್ನು ಮೆಂಬರಾಗಲು ಕೇಳಲು ಬಂದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಕಟ್ಟೆಯ ಮೇಲೆ ಕೂತು, ಕೊಟ್ಟ ಚಹಾ ಕುಡಿದು, ಮೆಲ್ಲಗೆ ಹೇಳಿದರು:

"ಯಕ್ಕಾ, ನೀವು ಚಾವಡಿಗಿ ಬರೂ ತಕ್ಲೀಫ್ ತಗೋಬ್ಯಾಡ್ರಿ. ಹೆಸರೊಂದು ಇದ್ರ ಸಾಕು. ಹೆಬ್ಬೆಟ್ಟು ಒತ್ತೂದಿದ್ರ ಶಿಪಾಯಿ ಮನಿಗೇ ಬರ್ತಾನ."

ಹಾಗೆಯೇ ನಡೆಯಿತು. ಬೀದಿ ದೀಪಕ್ಕೆ, ಶಾಲೆಯ ಮಾಳಿಗೆಗೆ, ಅತ್ತೆ ಮನೆಯಲ್ಲೇ ಕೂತು ಹೆಬ್ಬೆಟ್ಟು ಒತ್ತಿದರು. ತಾವು ಮೆಂಬರು ಎಂಬುದು ಅವರಿಗೇ ಮರೆತುಹೋಗಿತ್ತೇನೋ.

ಒಂದು ನಸುಕಿನಲ್ಲಿ ನಾವು ಬಯಲಿಗೆ ಹೋದಾಗ ಕಳ್ಳಿಬೇಲಿಯ ಒಂದು ಕಡೆ ಕಡಿದು ಬಿದ್ದಿತ್ತು. ಕಡಿದ ಕೊಂಬೆಗಳಿಂದ ಹಾಲು ಸುರಿದು ನೆಲದ ಮೇಲೆ ಹೆಪ್ಪುಗಟ್ಟಿತ್ತು. ಬಯಲಿನ ಉದ್ದಕ್ಕೂ ಸುಣ್ಣದ ಗೆರೆ ಎಳೆದಿದ್ದರು. ಹೆಂಗಸರು ಗೆರೆಯ ಈಚೆಗೇ ನಿಂತರು. ಅದನ್ನು ದಾಟಬಾರದೆಂದು ಯಾರೂ ಹೇಳಿರಲಿಲ್ಲ. ಆದರೂ ನಿಂತರು. ಅತ್ತೆ ಮಾತ್ರ ಬಾಗಿ ಸುಣ್ಣವನ್ನು ಬೆರಳಿಗೆ ಹಚ್ಚಿಕೊಂಡು ನೋಡಿದರು.

"ಇನ್ನಾ ಹಸಿ ಅದ," ಅಂದರು. "ನಾವು ನಿನ್ನಿ ಸಂಜಿಗಿ ಹೋದ ಮ್ಯಾಗ ಎಳದಾರ."

ಆ ದಿನವೇ ಚಾಚಿ ಪೆಟ್ಟಿಗೆ ಇಳಿಸಿ ನಮ್ಮ ಕಟ್ಟೆಯ ಮೇಲೆ ಕೂತು ತಾನು ಕೇಳಿಬಂದದ್ದನ್ನು ಹೇಳಿದಳು. ಶಹಾಬಾದಿನ ಖಣಿ ಸಾವ್ಕಾರನೊಬ್ಬ ಗಾಯರಾಣವನ್ನು ಖಣಿಗೆ ಕೇಳಿದ್ದಾನೆ. ತಮ್ಮ ತಕರಾರಿಲ್ಲವೆಂದು ಪಂಚಾಯಿತಿ ಒಪ್ಪಿಕೊಂಡರೆ ಪರವಾನಿಗೆ ಸಲೀಸಾಗುತ್ತದೆ. ಗೌಡರಿಗೂ ಅದರಲ್ಲಿ ಪಾಲಿದೆ ಎಂದು ಅವರ ಮನೆಯ ಹೆಣ್ಣುಮಕ್ಕಳೇ ಬಳೆ ಇಡಿಸಿಕೊಳ್ಳುವಾಗ ಆಡಿಕೊಂಡಿದ್ದರು.

"ಅವ್ರ ಮನಿ ಹೆಣ್ಮಕ್ಕಳು ಎಲ್ಲಿಗಿ ಹೋಗ್ತಾರಂತ?" ಅತ್ತೆ ಕೇಳಿದರು.

"ಅವ್ರಿಗಿ ಹಿತ್ತಲ ಅದ ಅಕ್ಕಾ. ನಮಗ ಎಲ್ಲದ?"

ಅತ್ತೆ ಎದ್ದು ಅವಳಿಗೆ ನೀರು ತಂದುಕೊಟ್ಟರು. ಆಮೇಲೆ, "ನಾಳಿಲ್ಲ ನಾಡದು ಮೀಟಿಂಗ್ ಅದ. ಇಬ್ಬರೂ ಹೋಗಮು," ಅಂದರು.

ಚಾವಡಿಯ ಮುಂದೆ ಹಾಯುವಾಗ ಹೆಂಗಸರು ಚಪ್ಪಲಿ ಕೈಗೆ ತಗೊಂಡು, ಸೆರಗು ಮುಂದೆಳೆದುಕೊಂಡು ಸರಸರ ಹೋಗುವ ರೂಢಿ ಇದ್ದ ಕಾಲ ಅದು. ಮೆಟ್ಟಿಲು ಹತ್ತಿದ ಹೆಂಗಸನ್ನು ಊರು ಕಂಡಿರಲಿಲ್ಲ. ನಾನು ಏಳನೆಯ ಇಯತ್ತೆಯ ತನಕ ಓದಿದ್ದೆನೆಂದು ಅತ್ತೆ ನನ್ನನ್ನೂ ಕರೆದುಕೊಂಡು ಹೋದರು. ನಾವು ಹತ್ತುತ್ತಿದ್ದ ಹಾಗೆ ಒಳಗಿನ ಮಾತು ನಿಂತಿತು. ಯಾರೂ ಬೈಯಲಿಲ್ಲ. ಗೌಡರು ಎದ್ದು ನಿಂತು, "ಬರ್ರಿ ಯಕ್ಕಾ, ಕುಂದ್ರಿ," ಅಂದರು. ಜಮಖಾನೆಯ ತುಂಬ ಗಂಡಸರು ಕೂತಿದ್ದರು. ಯಾರೂ ಸರಿಯಲಿಲ್ಲ. ಅತ್ತೆ ಮತ್ತು ಚಾಚಿ ಬರಿ ಕಲ್ಲಿನ ಮೇಲೆ, ಹೊಸ್ತಿಲ ಹತ್ತಿರ ಕೂತರು. ನಾನು ಹೊರಗೆ ಕಂಬಕ್ಕೆ ಆತು ನಿಂತೆ.

ಗಾಯರಾಣದ ಮಾತು ಬಂತು. ಊರಿಗೆ ಕೆಲಸ ಬರುತ್ತದೆ, ರಸ್ತೆ ಬರುತ್ತದೆ ಎಂದು ಗೌಡರು ಹೇಳಿದರು. ಎಲ್ಲರೂ ತಲೆಯಾಡಿಸಿದರು. ಆಗ ಅತ್ತೆ ಮಾತಾಡಿದರು. 

"ಆ ಜಾಗ ನಮ್ದದ ಗೌಡ್ರ. ಅಲ್ಲಿ ಖಣಿ ಆದ್ರ ಊರ ಹೆಣ್ಮಕ್ಕಳು ಎಲ್ಲಿಗಿ ಹೋಗ್ಬೇಕು?"

ಗೌಡರು ನೆಲ ನೋಡಿ ನಕ್ಕರು. "ಯಕ್ಕಾ, ಅದು ಸಭಾದಾಗ ಆಡೂ ಮಾತಲ್ಲ."

"ಎಲ್ಲಿ ಆಡ್ಬೇಕು ಹೇಳ್ರಿ, ಅಲ್ಲಿ ಹೋಗಿ ಆಡ್ತೀನಿ. ದನ ಎಲ್ಲಿ ಮೇಯ್ಬೇಕಂತ ಸಭಾದಾಗ ಆಡ್ತೀರಿ. ನಾವು ಎಲ್ಲಿ ಕುಂದ್ರಬೇಕಂತ ಆಡಬಾರ್ದಾ?"

ಚಾಚಿ ಸೇರಿಸಿದಳು: "ನಾ ಎಲ್ಲಾ ಮನಿಗೂ ಹೋಗ್ತೀನ್ರಿ. ಒಂದ್ ಮನಿ ಹೆಣ್ಮಗಳೂ ಇದಕ ಒಪ್ಪಿಲ್ಲ. ಇಲ್ಲಿ ಕುಂತವ್ರ ಮನ್ಯಾಗೂ ಕೇಳ್ರಿ ಬೇಕಾದ್ರ."

ಕೆಲವು ಗಂಡಸರು ಮುಖ ತಿರುಗಿಸಿದರು. ಆದರೆ ಮೊದಲು ತಲೆಯಾಡಿಸಿದ ಹಾಗೆ ಈಗ ಯಾರೂ ಆಡಿಸಲಿಲ್ಲ. ಗೌಡರು ಒಬ್ಬೊಬ್ಬರನ್ನೂ ನೋಡಿದರು. "ಆಯ್ತು. ಮುಂದಿನ ಮೀಟಿಂಗಿಗಿ ಇಡಮು," ಅಂದರು. ಹೊರಗೆ ಬರುವಾಗ ಮೆಟ್ಟಿಲ ತನಕ ಬಂದು ಬೀಳ್ಕೊಟ್ಟರು. "ಹುಶಾರಿ ಯಕ್ಕಾ. ಹಳಿ ಖಣಿ ಕಡಿ ತಿರುಗಾಡೂದು ಕಡಿಮಿ ಮಾಡ್ರಿ. ಅಲ್ಲಿ ಕಾಲು ಜಾರತದ."

ಮನೆಗೆ ಬಂದ ಮೇಲೆ ಅತ್ತೆ ನೀರು ಕುಡಿದು ಬಹಳ ಹೊತ್ತು ತಂಬಿಗೆ ಕೆಳಗಿಡಲಿಲ್ಲ. "ಬೈದಿದ್ರ ಚೊಲೋ ಇತ್ತು," ಅಂದರು. "ನಮ್ಮಪ್ಪನ ಕಾಲದಾಗೂ ಈ ಮನಿತನ ನೋಡೀನಿ. ಮೆತ್ತಗ ಮಾತಾಡಿದಾಗ ಭಾಳ ಅಂಜಬೇಕು."

ಮುಂದಿನ ವಾರಗಳಲ್ಲಿ ಆದದ್ದೆಲ್ಲ ಸಣ್ಣ ಸಣ್ಣ ಸಂಗತಿಗಳು. ಒಂದೊಂದನ್ನೇ ಹೇಳಿದರೆ ಯಾರಾದರೂ ನಗಬಹುದು. ಹಿಟ್ಟಿನ ಗಿರಣಿಗೆ ನಮ್ಮ ಜೋಳ ಹೋದಾಗ ಪಟ್ಟಾ ಹರಿದಿರುತ್ತಿತ್ತು. ನಮ್ಮ ಹಿಂದೆ ಬಂದವರದು ಬೀಸಿ ಆಗುತ್ತಿತ್ತು. ನಮ್ಮ ಹೊಲಕ್ಕೆ ಬಂಡಿ ಹೋಗುವ ದಾರಿಯಲ್ಲಿ ಯಾರೋ ಖಣಿಯ ಕಲ್ಲುಚೂರು ತಂದು ಸುರಿದರು. ಚಾಚಿಗೆ ಎರಡು ಊರುಗಳಲ್ಲಿ, ಈ ಸಲ ಬಳೆ ಬೇಡ ಎಂದು ಬಾಗಿಲಲ್ಲೇ ಹೇಳಿದರು. ಹಬ್ಬ ಹತ್ತಿರವಿದ್ದಾಗ ಬಳೆ ಬೇಡ ಅನ್ನುವ ಊರು ಇರುವುದಿಲ್ಲ.

ಬಯಲಿನಲ್ಲಿ ಆದದ್ದು ಸಣ್ಣದಲ್ಲ. ಬೇಲಿ ಕಡಿದ ಕಡೆ, ಖಣಿಯಿಂದ ತೆಗೆದ ಕಲ್ಲು ಮಣ್ಣಿನ ದಿಬ್ಬ ಬೆಳೆಯಿತು. ನಸುಕಿನಲ್ಲಾಗಲಿ ಸಂಜೆಯಾಗಲಿ, ನಾವು ಹೋದಾಗಲೆಲ್ಲ ಅದರ ಮೇಲೆ ಗಂಡಸರು ಕೂತಿರುತ್ತಿದ್ದರು. ಮುಖ ಕಾಣುತ್ತಿರಲಿಲ್ಲ. ಬೀಡಿಯ ಕೆಂಪು ಚುಕ್ಕಿಗಳು ಮಾತ್ರ ಕಾಣುತ್ತಿದ್ದವು. ಅವರು ಮಾತಾಡುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ಸುಮ್ಮನೆ ಕೂತಿರುತ್ತಿದ್ದರು. ಹೆಂಗಸರು ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನು ಬಿಟ್ಟರು. ಸಂಜೆಯ ಊಟ ಕಡಿಮೆ ಮಾಡಿದರು. ನಾನು ಆಗ ಬಸುರಿ, ನಾಲ್ಕನೆಯ ತಿಂಗಳು. ಹೊಟ್ಟೆ ಹಿಡಿದುಕೊಂಡು ಕಾಯುವ ಆ ಕಷ್ಟವನ್ನು ಯಾವ ಗಂಡಸಿನ ಮುಂದೆ ಹೇಳುವುದು?

ಗಂಡ ವಾಡಿಯಿಂದ ಬಂದಾಗ ಅವರಿಗೂ ಸುದ್ದಿ ಮುಟ್ಟಿತ್ತು. ತಾಯಿಗೆ ಎದುರಾಡಿದವರಲ್ಲ. ಆದರೂ ಹೇಳಿದರು: "ಅವ್ವಾ, ನಿನಗ ಯಾಕ ಬೇಕಿದು? ವಾಡಿಗಿ ಬಂದುಬಿಡು. ಅಲ್ಲಿ ಖೋಲಿ ನೋಡ್ತೀನಿ."

"ಬರ್ತೀನಪ್ಪಾ. ಮೀಟಿಂಗ್ ಮುಗೀಲಿ."

"ಮುಗಿಯೂತನಕ ಏನರೆ ಆದ್ರ?"

ಅತ್ತೆ ಮಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ಸಭೆ ಇನ್ನೇನು ಬಂತು ಅನ್ನುವಾಗ, ಒಂದು ಸಂಜೆ ಚಾಚಿ ಮನೆಗೆ ಮರಳಲಿಲ್ಲ. ಪಕ್ಕದ ಊರಿಗೆ ಬಳೆ ಮಾರಲು ಹೋಗಿದ್ದಳು. ತಡವಾದರೆ ಅಲ್ಲೇ ಯಾರದಾದರೂ ಮನೆಯಲ್ಲಿ ಉಳಿಯುವುದು ಇದ್ದದ್ದೇ. ಹಾಗಾಗಿ ಅವಳ ಓಣಿಯವರು ಗಾಬರಿಯಾಗಲಿಲ್ಲ. ಮರುದಿನ ನಸುಕಿನಲ್ಲಿ ನಾವು ಬಯಲಿಗೆ ಹೋದಾಗ ದಿಬ್ಬದ ಮೇಲೆ ಯಾರೂ ಇರಲಿಲ್ಲ. ಅದೇ ನನಗೆ ಮೊದಲು ಅಂಜಿಕೆ ಹುಟ್ಟಿಸಿದ್ದು. ಆಮೇಲೆ ಹಳೆಯ ಖಣಿಯ ಕಡೆಯಿಂದ ಒಂದು ನರಳಾಟ ಕೇಳಿತು. ಮೊದಲು ಕರುವೊಂದು ಬಿದ್ದಿರಬೇಕು ಅಂದುಕೊಂಡೆವು.

ಅತ್ತೆ ಅಂಚಿಗೆ ಹೋಗಿ ಬಗ್ಗಿ ನೋಡಿದರು. ಅರ್ಧ ಆಳದಲ್ಲಿ, ಮೆಟ್ಟಿಲ ಹಾಗೆ ಕಲ್ಲು ತೆಗೆದ ಒಂದು ಹಂತದ ಮೇಲೆ ಚಾಚಿ ಬಿದ್ದಿದ್ದಳು. ಅವಳ ಕೆಳಗೆ ಕಪ್ಪು ನೀರು. ಸುತ್ತ ಮುತ್ತ ಬಳೆಯ ಚೂರುಗಳು ಹಸಿರು, ಕೆಂಪು, ಹಳದಿಯಾಗಿ ಚೆಲ್ಲಿದ್ದವು. ಪೆಟ್ಟಿಗೆ ನೀರಿನ ಮೇಲೆ ಅಂಗಾತವಾಗಿ ತೇಲುತ್ತಿತ್ತು. ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು.

ನಾವು ಕೂಗಿದ್ದಕ್ಕೆ ಊರು ಎದ್ದು ಬಂತು. ಗಂಡಸರು ಹಗ್ಗ ತಂದು, ಹೊರಸು ಇಳಿಸಿ ಅವಳನ್ನು ಮೇಲಕ್ಕೆತ್ತಿದರು. ಗೌಡರು ತಮ್ಮದೇ ಬಂಡಿ ಕಟ್ಟಿಸಿ ಶಹಾಬಾದಿನ ದವಾಖಾನೆಗೆ ಕಳಿಸಿದರು. "ಪಾಪ, ಹೇಳಿದ್ದೆ ನಾ. ಅಲ್ಲಿ ಕಾಲು ಜಾರತದಂತ," ಅನ್ನುತ್ತಿದ್ದರು.

ಮರುದಿನ ಅತ್ತೆ ಮತ್ತು ನಾನು ದವಾಖಾನೆಗೆ ಹೋದೆವು. ಚಾಚಿಯ ಕಾಲಿಗೆ ಪಟ್ಟಿ ಕಟ್ಟಿದ್ದರು. ಕೈಯಲ್ಲಿ ಒಂದು ಬಳೆಯೂ ಇರಲಿಲ್ಲ. ಅವಳ ಬರಿಗೈಯನ್ನು ನಾನು ಎಂದೂ ನೋಡಿರಲಿಲ್ಲ. ಗಂಡ ಹೋದ ಮೇಲೂ ಮಾರಲಿಕ್ಕೆ ತೋರಿಸಬೇಕೆಂದು ಅವಳು ಎರಡೆರಡು ಹಾಕಿಕೊಂಡಿರುತ್ತಿದ್ದಳು.

"ಏನಾತು, ಖರೇ ಹೇಳು," ಅತ್ತೆ ಕೇಳಿದರು.

"ಕಾಲ್ ಜಾರ್ತು ಅಕ್ಕಾ."

"ಮದಿವಿ ಆಗಿ ಬಂದಾಗಿಂದ ತುಳದ ದಾರಿ ಅದು. ಕಣ್ಣು ಮುಚ್ಚಿ ನಡೀತಿದ್ದಿ."

ಚಾಚಿ ಗೋಡೆಯ ಕಡೆ ಮುಖ ಮಾಡಿದಳು. ಆ ಕಡೆ ನೋಡುತ್ತಲೇ ಹೇಳಿದಳು: "ಕಾಲ್ ಜಾರ್ತು. ಯಾರ್ ಕೇಳಿದ್ರೂ ನೀನೂ ಹಂಗೇ ಹೇಳು." ಮತ್ತೆ, "ಸೊಸಿಗಿ ಒಬ್ಬಾಕಿಗೇ ಬಯಲಿಗಿ ಕಳಿಸ್ಬ್ಯಾಡ. ಬಸರಿ ಹುಡುಗಿ," ಅಂದಳು.

ಅತ್ತೆ ನನ್ನ ಕಡೆ ನೋಡಿದರು. ಅಷ್ಟೆ. ಚಾಚಿಯನ್ನು ಮತ್ತೆ ಏನೂ ಕೇಳಲಿಲ್ಲ. ಬಂಡಿಯಲ್ಲಿ ಮರಳಿ ಬರುವಾಗ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು.  ಸಭೆಗೆ ಹೋಗುವುದಿಲ್ಲ ಅನ್ನುತ್ತಾರೆ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಹಾಗೆ ಅನ್ನಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ.

ಅವರು ಹಾಗೆ ಅನ್ನಲಿಲ್ಲ. ಮರುದಿನದಿಂದ, ಚಾಚಿ ತಿರುಗುತ್ತಿದ್ದ ಮನೆಗಳಿಗೆಲ್ಲ ತಾವೇ ಹೋದರು. ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳುತ್ತಿದ್ದರು: "ಮೀಟಿಂಗ್ ದಿನ ಚಾವಡಿ ಮುಂದ ಬರ್ರಿ. ಮಾತಾಡೂದು ಬ್ಯಾಡ. ಬಂದು ನಿಂದರ್ರಿ." ಬರುತ್ತೇವೆಂದು ಯಾರೂ ಹೇಳಲಿಲ್ಲ. ಬರುವುದಿಲ್ಲ ಅಂತಲೂ ಹೇಳಲಿಲ್ಲ.

ಆ ದಿನ ಅತ್ತೆ ಒಬ್ಬರೇ ಮೆಟ್ಟಿಲು ಹತ್ತಿದರು. ಈ ಸಲ ಯಾರೋ ಜಮಖಾನೆಯ ಮೇಲೆ ಸರಿದು ಜಾಗ ಮಾಡಿದರು. ಅವರು ಕೂರಲಿಲ್ಲ, ಹೊಸ್ತಿಲಲ್ಲೇ ನಿಂತರು. ಹೊರಗೆ ಮೊದಲು ನಾನೊಬ್ಬಳೇ. ಆಮೇಲೆ ಚಾಚಿಯ ಓಣಿಯವರು ಬುರಖಾ ಹಾಕಿಕೊಂಡು ಬಂದರು. ನಂತರ ಕುಂಬಾರರ ಓಣಿ, ಹೊಲೆಯರ ಕೇರಿಯವರು, ಗಂಡನ ಬೈಗುಳ ಕೇಳಿಸಿಕೊಳ್ಳುತ್ತಲೇ ಬಂದ ನಮ್ಮ ಮಗ್ಗಲ ಮನೆಯಾಕೆ. ಚಾವಡಿಯ ಸುತ್ತ ನಿಂತೆವು. ಒಬ್ಬರೂ ಮಾತಾಡಲಿಲ್ಲ. ಎತ್ತಿಕೊಂಡ ಕೂಸುಗಳು ಕೂಡ ಅಳಲಿಲ್ಲವೆಂದು ನನ್ನ ನೆನಪು. ಆ ಹೊತ್ತು ಖಣಿಯ ಸಪ್ಪಳವೂ ಇರಲಿಲ್ಲ. ಕೆಲಸದವರೆಲ್ಲ ಕೈಯಲ್ಲಿ ಹಾರೆ ಹಿಡಿದುಕೊಂಡೇ ಬಂದು ಎದುರಿನ ಬೇವಿನಮರದ ಕೆಳಗೆ ನಿಂತಿದ್ದರು. ಅವರು ನಮ್ಮನ್ನು ನೋಡಲು ಬಂದಿದ್ದರೋ, ಯಾರಾದರೂ ಕಳಿಸಿದ್ದರೋ ತಿಳಿಯಲಿಲ್ಲ. ನಮ್ಮಲ್ಲಿ ಒಬ್ಬಳು ಹಿಂದೆ ಸರಿದಿದ್ದರೆ ಎಲ್ಲರೂ ಓಡುತ್ತಿದ್ದೆವು.

ಒಳಗೆ ಗೌಡರು ಕೇಳಿದರು: "ಗಾಯರಾಣ ಕೊಡಾಕ ಯಾರ್ಯಾರು ಒಪ್ಪೀರಿ, ಕೈ ಎತ್ರಿ."

ಗಂಡಸರು ಬಾಗಿಲಾಚೆ ನಿಂತ ತಮ್ಮ ಮನೆಯ ಹೆಂಗಸರನ್ನು ನೋಡಿದರು. ಕೆಲವರ ಕೈ ಎದ್ದವು. ಒಂದು ಕೈ ಅರ್ಧಕ್ಕೆ ಬಂದು ಮರಳಿ ತೊಡೆಯ ಮೇಲೆ ಬಿತ್ತು. ಹೆಚ್ಚಿನವರದು ಏಳಲೇ ಇಲ್ಲ. ಗೌಡರು ಸಿಟ್ಟಾಗಲಿಲ್ಲ. ಪೇಟದ ಅಂಚನ್ನು ಸರಿ ಮಾಡಿಕೊಂಡು, "ಊರ ಮಾತಿಗಿ ನಾ ಹೊರಗ ಇಲ್ಲ," ಅಂದರು.

ಖಣಿ ಬೇಲಿಯ ಆಚೆಗೇ ನಿಂತಿತು. ಬೇಲಿ ಮತ್ತೆ ಚಿಗುರಿ ಬೆಳೆಯಿತು. ಗೆದ್ದೆವು ಎಂದೇ ಹೇಳಬೇಕು. ಆದರೆ ಅಂದಿನಿಂದ ಆ ಬಯಲಿಗೆ ಯಾರೂ ಒಬ್ಬರೇ ಹೋಗಲಿಲ್ಲ. ಹೋದವರು ಮಾತಾಡುತ್ತ ಕೂರಲಿಲ್ಲ. ಚಾಚಿ ಕುಂಟುಗಾಲಿನಲ್ಲಿ ಊರಿಗೆ ಮರಳದೆ ಶಹಾಬಾದಿನ ತನ್ನ ತಂಗಿಯ ಮನೆ ಸೇರಿದಳು. ಅತ್ತೆ ಅವಧಿ ಮುಗಿಯುವ ತನಕ ಒಂದೂ ಸಭೆ ಬಿಡಲಿಲ್ಲ. ಮನೆಗೆ ಬಂದ ಶಿಪಾಯಿಯನ್ನು ಬಾಗಿಲಿಂದಲೇ ಕಳಿಸುತ್ತಿದ್ದರು. ಬಾವಿಗೆ ಕಟ್ಟೆ ಕಟ್ಟಿಸಿದರು, ಹೆರಿಗೆ ಮಾಡಿಸುವ ನರ್ಸಮ್ಮನಿಗೆ ಊರಲ್ಲಿ ಒಂದು ಮನೆ ಕೊಡಿಸಿದರು. ಆ ವರ್ಷಗಳಲ್ಲಿ ಅವರು ಮನೆಯ ಬಾಗಿಲಿಗೆ ಒಳಗಿನಿಂದ ಎರಡು ಅಗಳಿ ಹಾಕಿ, ಪಕ್ಕದಲ್ಲಿ ಕುಡುಗೋಲು ಇಟ್ಟುಕೊಂಡು ಮಲಗುತ್ತಿದ್ದದ್ದು ನನಗೊಬ್ಬಳಿಗೇ ಗೊತ್ತು. ಮುಂದೆ ಕ್ವಾರ್ಟರ್ಸ್ ಸಿಕ್ಕು ನಾವು ವಾಡಿಗೆ ಹೋದಾಗ ಅವರು ಬರಲಿಲ್ಲ. ಆ ಮನೆಯಲ್ಲೇ ಜ್ವರದಲ್ಲಿ ತೀರಿಕೊಂಡರು.

ರಾಜ್ಯದ ಹೆಸರು ಕರ್ನಾಟಕವಾಗಿ, ಮುಂದೆ ಎಂಬತ್ತರ ದಶಕದಲ್ಲಿ ಮಂಡಲ ಪಂಚಾಯಿತಿ ಬಂತು. ಹೆಣ್ಣುಮಕ್ಕಳಿಗೆ ನಾಲ್ಕರಲ್ಲಿ ಒಂದು ಸೀಟು ಅಂದರು. ಅಷ್ಟೊತ್ತಿಗೆ ನಾವು ಹೊಲ ನೋಡಿಕೊಳ್ಳಲು ಊರಿಗೆ ಮರಳಿದ್ದೆವು. ಓಣಿಯ ಹೆಂಗಸರು ಬಂದು ನನ್ನನ್ನು ನಿಲ್ಲಿಸಿದರು. ಗೆದ್ದೆ. ಗೆದ್ದ ವಾರವೇ ದೊಡ್ಡ ಮಗಳನ್ನು ಕರೆದುಕೊಂಡು ಶಹಾಬಾದಿಗೆ ಚಾಚಿಯನ್ನು ನೋಡಲು ಹೋದೆ.

ಚಾಚಿ ಮುದುಕಿಯಾಗಿದ್ದಳು. ತಂಗಿಯ ಮನೆಯ ಮುಂದೆಯೇ ಬಳೆಯ ಅಂಗಡಿ ಇಟ್ಟಿದ್ದಳು. ಮಗಳನ್ನು ಹತ್ತಿರ ಕೂರಿಸಿಕೊಂಡು, ಕೈ ಹಿಚುಕಿ ಹಸಿರು ಬಳೆ ಏರಿಸತೊಡಗಿದಳು. ಅತ್ತೆ ತೀರಿಕೊಂಡದ್ದು ಹೇಗೆಂದು ಕೇಳಿದಳು, ಬಾವಿಯ ಕಟ್ಟೆಯ ಸುದ್ದಿ ಕೇಳಿದಳು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

"ಚಾಚಿ, ಅವತ್ತು ಯಾರು?"

"ಕಾಲ್ ಜಾರ್ತು ಬೇಟಿ." ಅವಳು ತಲೆ ಎತ್ತಲಿಲ್ಲ. ಇನ್ನೊಂದು ಬಳೆ ತೆಗೆದುಕೊಂಡು ತಾನೇ ಕೇಳಿದಳು: "ನಿನ್ನ ಸಂಗಟ ನಮ್ಮೂರವ್ರು ಯಾರ್ಯಾರು ಆರ್ಸಿ ಬಂದಾರ?"

ನಾನು ಒಬ್ಬೊಬ್ಬರ ಹೆಸರು ಹೇಳುತ್ತ ಹೋದೆ. ಗೌಡರ ಮಗನ ಹೆಸರಿಗೆ ಅವಳು ಹೂಂ ಅಂದಳು, ಬಳೆ ಏರಿಸುತ್ತಲೇ ಇದ್ದಳು. ಇನ್ನೊಂದು ಹೆಸರಿಗೆ ಅವಳ ಕೈ ನಿಂತಿತು. ಮಗಳ ಮಣಿಕಟ್ಟಿನ ಮೇಲೆ ಬಳೆ ಅರ್ಧಕ್ಕೆ ನಿಂತಿತು. ಮಗಳು ನೋವಿಗೆ ಸಣ್ಣಗೆ ನರಳಿದಳು.

"ಆತನೂ ಇದ್ದಾನ?" ಅಂದಳು ಚಾಚಿ. ಆಮೇಲೆ ಬಳೆಯನ್ನು ಮೆಲ್ಲಗೆ ಮುಂದೆ ತಳ್ಳಿದಳು. "ಚೊಲೋ ಮನಷಾ ಅಂತಾರ ಎಲ್ಲಾರು."

ಎಲ್ಲರೂ ಹಾಗೇ ಅನ್ನುತ್ತಾರೆ. ಅವನು ನಮ್ಮ ಓಣಿಯವನೇ. ಅವನ ಹೆಂಡತಿಯೂ ಅದೇ ಬಯಲಿಗೆ ಹೋಗುತ್ತಿದ್ದಳು. ಚಾವಡಿಯ ಮುಂದೆ ನನ್ನ ಪಕ್ಕದಲ್ಲೇ ನಿಂತಿದ್ದಳು. ನಮ್ಮ ಮನೆಯ ಮದುವೆಗೆ ಅವನು ಚಪ್ಪರ ಹಾಕಿಕೊಟ್ಟವನು. ಅವನಾಗಿಯೇ ಮಾಡಿದನೋ, ಯಾರಾದರೂ ಮಾಡಿಸಿದರೋ, ಚಾಚಿ ಹೇಳಲಿಲ್ಲ. ನಾನು ಮತ್ತೆ ಕೇಳಲಿಲ್ಲ.

ಮಂಡಲದ ಮೊದಲ ಸಭೆಯಲ್ಲಿ ಕುರ್ಚಿಗಳಿದ್ದವು. ನಾನು ಒಳಗೆ ಹೋದಾಗ ಅವನು ಎದ್ದು, ತನ್ನ ಪಕ್ಕದ ಕುರ್ಚಿಯ ಧೂಳನ್ನು ಟವೆಲ್ಲಿನಿಂದ ಒರೆಸಿದ. "ಬರ್ರಿ ಅಕ್ಕಾ, ಇಲ್ಲಿ ಕುಂದ್ರಿ," ಅಂದ. ಬೇರೆ ಕುರ್ಚಿ ಖಾಲಿ ಇರಲಿಲ್ಲ. ನಾನು ಸೆರಗು ಸರಿ ಮಾಡಿಕೊಂಡು ಅವನ ಪಕ್ಕದಲ್ಲಿ ಕೂತೆ. ಚರ್ಚೆಗೆ ಮೊದಲು ಬಂದದ್ದು ಹಳೆಯ ಖಣಿಗಳ ಸುತ್ತ ಗೋಡೆ ಕಟ್ಟುವ ವಿಷಯ. ಅದನ್ನು ಬರೆದುಕೊಟ್ಟವಳು ನಾನೇ. ಅದನ್ನು ಎತ್ತಿ ಹೇಳಲು ನಾನು ಎದ್ದು ನಿಂತೆ.